ಯಾವ ಗಾಯ ಯಾರದ್ದು

ನಿಲ್ಸಾ ನಮ್ಮ ಬೀದಿಗೆ ಬಂದಾಗ ಅವಳಿಗೆ ಎಂಟು ವರ್ಷ ತುಂಬಿತ್ತೋ ಇಲ್ಲವೋ. ಕಲ್ಲಂಗಡಿ ತುಂಬಿದ ಲಾರಿಯ ಹಿಂಭಾಗದಲ್ಲಿ ತಾಯಿಯ ಕಾಲಿಗೆ ಒತ್ತಿಕೊಂಡು ಕೂತು ಬಂದಳು. ಕೆಂಪು ಧೂಳು ಮೆತ್ತಿದ ಮುಖದಲ್ಲಿ ಕಣ್ಣಷ್ಟೇ ಕಾಣುತ್ತಿತ್ತು. ಲಾರಿ ನಿಂತದ್ದು ನನ್ನ ಅಂಗಡಿಯ ಮುಂದೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಒಂದು ಕಿಟಕಿ, ಒಳಗೆ ಸಕ್ಕರೆ, ಎಣ್ಣೆ, ಸಾಬೂನು, ಮಂಜುಗಡ್ಡೆ. ಎದುರಿಗೆ ನ್ಯಾ ಕುಸ್ತೋದಿಯಾ ಅವರ ಮನೆ; ನ್ಯಾ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು.

ಪರಾಗ್ವಾಯ್‌ನ ಒಳನಾಡಿನ ನಮ್ಮ ಪಟ್ಟಣಕ್ಕೆ ಇಂಥ ಹುಡುಗಿಯರು ಬರುವುದು ಹೊಸದಲ್ಲ. ಹಳ್ಳಿಯ ಬಡವರು ಮಗಳನ್ನು ಅನುಕೂಲಸ್ಥರ ಮನೆಯಲ್ಲಿ ಬಿಡುತ್ತಾರೆ. ಅವಳು ಕೆಲಸ ಮಾಡಬೇಕು, ಅವರು ಊಟ ಹಾಕಿ ಶಾಲೆಗೆ ಕಳಿಸಬೇಕು. ಸಂಬಳದ ಮಾತಿಲ್ಲ. ಅಂಥವಳನ್ನು ಕ್ರಿಯಾದಾ ಅನ್ನುತ್ತೇವೆ, ಸಾಕಿದವಳು ಎಂದು ಅರ್ಥ.

ನ್ಯಾ ಕುಸ್ತೋದಿಯಾ ವಿಧವೆ, ಮಕ್ಕಳಿಲ್ಲ. ಪ್ರಾಯದಲ್ಲಿ ಹಳ್ಳಿಶಾಲೆಯಲ್ಲಿ ಪಾಠ ಹೇಳಿದವರು. ನಿಲ್ಸಾಳ ತಾಯಿ ತೆಯೋಫಿಲಾ ಅವರ ಹಳೆಯ ವಿದ್ಯಾರ್ಥಿನಿ. ತೆಯೋಫಿಲಾಳ ಗಂಡ ಕೆಲಸ ಹುಡುಕಿಕೊಂಡು ಅರ್ಜೆಂಟೀನಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇಲ್ಲಿ ಸಾಲು ಮಕ್ಕಳು, ಮರಗೆಣಸು ಬಿಟ್ಟರೆ ಬೇರೆ ಬೆಳೆಯದ ತುಂಡು ನೆಲ. ಟೀಚರಮ್ಮ ಒಬ್ಬಳನ್ನು ಇಟ್ಟುಕೊಳ್ಳುತ್ತೇನೆ ಅಂದದ್ದು ಅವಳಿಗೆ ದೇವರೇ ಬಾಗಿಲು ತಟ್ಟಿದ ಹಾಗಾಗಿತ್ತು.

ಮಗಳನ್ನು ಎದುರುಮನೆಗೆ ಒಪ್ಪಿಸಿ ಬಂದ ತೆಯೋಫಿಲಾ ಲಾರಿ ಹೊರಡುವವರೆಗೂ ನನ್ನ ಕಿಟಕಿಯ ನೆರಳಲ್ಲಿ ನಿಂತಿದ್ದಳು. ನಾನು ಸೊಪ್ಪು ನೆನೆಸಿದ ತಣ್ಣನೆಯ ಪಾನೀಯ, ತೆರೆರೆ, ಕೊಟ್ಟೆ. ಅವಳು ಕುಡಿಯುತ್ತಿರುವಾಗಲೇ ಹುಡುಗಿ ಓಡಿಬಂದು ಲಂಗ ಹಿಡಿದಳು. ತಾಯಿ ಆ ಬೆರಳುಗಳನ್ನು ಮೆತ್ತಗೆ ಬಿಡಿಸಿದಳು.

"ಟೀಚರಮ್ಮ ಹೇಳಿದ್ದು ಕೇಳು. ಹೊಡೆದ್ರೆ ಸಹಿಸ್ಕೋ ಮಗಳೇ, ನಿನ್ನ ಒಳ್ಳೇದಕ್ಕೇ ಹೊಡೀತಾರೆ," ಅಂದಳು.

ನ್ಯಾ ಕುಸ್ತೋದಿಯಾ ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ಹುಡುಗಿಗೆ ಬೂಟು ಕೊಡಿಸಿದರು, ಮಾತಿನಂತೆ ಮಧ್ಯಾಹ್ನದ ಶಾಲೆಗೆ ಹಾಕಿದರು, ಭಾನುವಾರ ಕೂದಲು ಬಿಗಿಯಾಗಿ ಹೆಣೆದು ಇಗರ್ಜಿಗೆ ಕರೆದೊಯ್ದರು. ಜ್ವರ ಬಂದರೆ ತಾವೇ ಕಷಾಯ ಕಾಯಿಸುತ್ತಿದ್ದರು. ತಮ್ಮನ್ನು 'ಮಾದ್ರೀನಾ' ಎಂದು, ದೇವರ ಸಾಕ್ಷಿಯ ತಾಯಿ ಎಂದು ಕರೆಯಲು ಕಲಿಸಿದರು. ಆದರೆ ಅವರ ಲೆಕ್ಕದಲ್ಲಿ ಮಕ್ಕಳು ತಿದ್ದಬೇಕಾದ ಪಾಠಗಳು. ತಿದ್ದಲು ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಚರ್ಮದ ಚಾಟಿ ತೂಗುತ್ತಿತ್ತು. ತಟ್ಟೆ ಒಡೆದರೆ ಚಾಟಿ, ಮಂಜುಗಡ್ಡೆ ಒಯ್ಯಲು ಬಂದವಳು ನನ್ನ ಹತ್ತಿರ ಎರಡು ಮಾತು ಜಾಸ್ತಿ ಆಡಿದರೆ ಚಾಟಿ. ಇನ್ನೂ ದೊಡ್ಡ ತಪ್ಪಿಗೆ ಜೋಳದ ಕಾಳು ಹರಡಿ ಅದರ ಮೇಲೆ ಮಂಡಿಯೂರಿಸುತ್ತಿದ್ದರು. ಸದ್ದು ಬೀದಿಗೆ ಕೇಳುತ್ತಿತ್ತು. ಬೀದಿಯವರು ಟೀಚರಮ್ಮ ಹುಡುಗಿಯನ್ನು ತಿದ್ದುತ್ತಿದ್ದಾರೆ ಅನ್ನುತ್ತಿದ್ದರು. ನಮ್ಮೆಲ್ಲರ ಮನೆಯಲ್ಲೂ ಆ ಮಾತೇ ಚಾಲ್ತಿಯಲ್ಲಿತ್ತು.

ಸೀಬೆಹಣ್ಣಿನ ಕಾಲದಲ್ಲಿ ಆ ಮನೆಯ ಹಿತ್ತಲಲ್ಲಿ ದೊಡ್ಡ ತಾಮ್ರದ ಹಂಡೆ ಒಲೆಯೇರುತ್ತಿತ್ತು. ನ್ಯಾ ಕುಸ್ತೋದಿಯಾ ಅವರ ಸೀಬೆ ಹಲ್ವಾದ ಅಚ್ಚುಗಳಿಗೆ ಊರೆಲ್ಲ ಕಾಯುತ್ತಿತ್ತು. ಸ್ಟೂಲಿನ ಮೇಲೆ ನಿಂತು ಉದ್ದನೆಯ ಸೌಟು ತಿರುವುತ್ತಿದ್ದವಳು ನಿಲ್ಸಾ. ಕುದಿಯುವ ಪಾಕ ಕೈಗೆ ಸಿಡಿಯುತ್ತಿತ್ತು. ಅವಳ ಕೈಮೇಲೆ ಕಲೆಗಳಿದ್ದರೂ ಯಾರೂ ಎರಡನೇ ಸಲ ನೋಡದಿರುವುದಕ್ಕೆ ಅದೂ ಒಂದು ಕಾರಣ.

ಏಳನೇ ತರಗತಿಯಲ್ಲಿ ಅವಳಿಗೊಬ್ಬ ಗೆಳತಿ ಸಿಕ್ಕಳು. ಲಿಸ್ ಮಾಬೆಲ್, ಔಷಧದಂಗಡಿಯವರ ಮಗಳು. ಬಿಳಿ ಸಾಕ್ಸು, ಸುಗಂಧದ ಸಾಬೂನು, ಹುಟ್ಟುಹಬ್ಬಕ್ಕೆ ಮೂರಂತಸ್ತಿನ ಕೇಕು. ಅಂಥವಳು ಕ್ರಿಯಾದಾ ಜೊತೆ ಮಾವಿನಮರದ ಕೆಳಗೆ ಕೂತು ಒಂದೇ ಚೀಪಾ ರೊಟ್ಟಿ ಮುರಿದು ತಿನ್ನುವುದು ಶಾಲೆಗೇ ಸೋಜಿಗವಾಗಿತ್ತು. ಉಳಿದ ಹುಡುಗಿಯರು ನಿಲ್ಸಾಳನ್ನು "ಏ ಹಂಡೆ, ಇವತ್ತು ಎಷ್ಟು ಸೌಟು ತಿರುವಿದೆ?" ಎಂದು ಕೆಣಕುತ್ತಿದ್ದರು. ಲಿಸ್ ಮಾಬೆಲ್ ಅವರತ್ತ ಕಲ್ಲೆಸೆಯುತ್ತಿದ್ದಳು.

ಇಬ್ಬರನ್ನೂ ಹತ್ತಿರ ತಂದದ್ದು ಏನೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಔಷಧದಂಗಡಿಯ ಆ ಚೆಂದದ ಮನೆಯಲ್ಲೂ ಬೆಲ್ಟು ಇತ್ತು. ಅಪ್ಪ ಕುಡಿದು ಬಂದ ದಿನ ಅದು ಹೆಂಡತಿಯ ಮೇಲೂ ಮಗಳ ಮೇಲೂ ಆಡುತ್ತಿತ್ತು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದನ್ನು ಮೊದಲು ಶುರುಮಾಡಿದವಳು ಲಿಸ್ ಮಾಬೆಲ್. ಒಂದು ದಿನ ಶಾಲೆಯ ನಲ್ಲಿಯ ಹತ್ತಿರ ಅವಳ ತೋಳು ನಿಲ್ಸಾಳ ಕಣ್ಣಿಗೆ ಬಿತ್ತು. ನಿಲ್ಸಾ ತನ್ನ ತೋಳು ತೋರಿಸಿದಳು. ಅವಳೂ ಆಗಲೇ, ಯಾರಿಂದಲೂ ಕಲಿಯದೆ, ಆ ದಾರಿ ಹಿಡಿದಿದ್ದಳು.

ಯಾಕೆ ಎಂದು ನಾನು ಕೇಳಿದ್ದು ವರ್ಷಗಳ ಮೇಲೆ. ಅವಳು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಯೋಚಿಸಿ ಯೋಚಿಸಿ ಹೇಳಿದಳು:

"ಮಾದ್ರೀನಾ ಹೊಡೆಯೋವಾಗ ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗ್ತಿರ್ಲಿಲ್ಲ, ನ್ಯಾ ಸೆಲ್ವಾ. ನಾನೇ ಮಾಡ್ಕೊಂಡ್ರೆ ನಿಲ್ಲಿಸೋದು ನನ್ನ ಕೈಲಿರುತ್ತೆ ಅನ್ಕೊಂಡೆ. ಸ್ವಲ್ಪ ದಿನ ಹಾಗೇ ಅನ್ನಿಸ್ತು. ಆಮೇಲೆ ಅದೂ ನನ್ನ ಕೈಲಿ ಉಳೀಲಿಲ್ಲ. ಬೇಡ ಅಂದ್ರೂ ಬಿಡ್ತಿರ್ಲಿಲ್ಲ."

ಆ ವರ್ಷ ಬೇಸಿಗೆಯ ರಜೆಯ ಕೊನೆಯಲ್ಲಿ ಲಿಸ್ ಮಾಬೆಲ್‌ಳ ತಾಯಿ, ಡೋನ್ಯಾ ಗ್ರಾಸಿಯೆಲಾ, ಬಚ್ಚಲಮನೆಯಲ್ಲಿ ಮಗಳ ಮೈ ನೋಡಿಬಿಟ್ಟರು. ಯಾರು ಕಲಿಸಿದರು ಎಂದು ಕೂಗಾಡಿದರು. ಅಪ್ಪ ಬರುವ ಹೊತ್ತಾಗಿತ್ತು. ಹೆದರಿದ ಹುಡುಗಿ ನಿಲ್ಸಾಳ ಹೆಸರು ಹೇಳಿದಳು. ಡೋನ್ಯಾ ಗ್ರಾಸಿಯೆಲಾ ಆ ಉರಿಬಿಸಿಲಲ್ಲೇ ಮನೆಯ ಚಪ್ಪಲಿಯಲ್ಲಿ ನಮ್ಮ ಬೀದಿಗೆ ಬಂದು, ಎದುರುಮನೆಯ ಗೇಟು ಹಿಡಿದು ನಿಂತರು. ನೀವು ಸಾಕಿದ ಪೀಡೆ ನನ್ನ ಮಗಳಿಗೆ ಪಿಶಾಚಿಯ ವಿದ್ಯೆ ಕಲಿಸಿದ್ದಾಳೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ನ್ಯಾ ಕುಸ್ತೋದಿಯಾ ಹಿತ್ತಲಿನಿಂದ ನಿಲ್ಸಾಳನ್ನು ಕರೆದು ಎಲ್ಲರ ಮುಂದೆ ಅವಳ ತೋಳು ಎತ್ತಿಸಿದರು. ಮುಖ ಕೆಂಪೇರಿತು. ಅವರು ನಿಜಕ್ಕೂ ಬೆಚ್ಚಿದ್ದರು. ತಮ್ಮ ಚಾಟಿಗೆ ಸೇರದ ಗುರುತುಗಳನ್ನು ಅವರು ಆವರೆಗೆ ನೋಡಿಯೇ ಇರಲಿಲ್ಲ.

ಆ ಸಂಜೆ ಕೇಳಿದ ಸದ್ದು ಯಾವತ್ತಿನದಲ್ಲ. ನನ್ನ ಗಂಡ ಹೋಗಿ ಗೇಟು ಬಡಿದು, ಸಾಕು ನಿಲ್ಲಿಸಿ ಅಂದಮೇಲೆಯೇ ನಿಂತಿತು.

ಶಾಲೆ ತೆರೆದ ವಾರ ಮಿರ್ನಾ ಟೀಚರ್, ಇನ್ನೂ ಮದುವೆಯಾಗದ ಚಿಕ್ಕ ವಯಸ್ಸಿನವರು, ನಿಲ್ಸಾಳ ಬಲಗೈ ಬೋರ್ಡಿನ ಮಟ್ಟಕ್ಕೆ ಏಳದಿರುವುದನ್ನು ಗಮನಿಸಿದರು. ಬೆನ್ನು ನೋಡಿದರು. ಮುಖ್ಯೋಪಾಧ್ಯಾಯರು ಬೇಡವೆಂದರೂ ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿ ದೂರು ಕೊಟ್ಟರು. ನಮ್ಮ ಪಟ್ಟಣದಲ್ಲಿ ಒಬ್ಬ ಕ್ರಿಯಾದಾ ಪರವಾಗಿ ಯಾರಾದರೂ ದೂರು ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಬೀದಿ ಎರಡಾಯಿತು. ಹೆಚ್ಚಿನವರು ಟೀಚರಮ್ಮನ ಕಡೆ. ವಯಸ್ಸಾದ ಹೆಂಗಸಿಗೆ ಅವಮಾನ ಮಾಡಿದರು ಎಂದು ಮಿರ್ನಾ ಟೀಚರ ಜೊತೆ ಎಷ್ಟೋ ಜನ ಮಾತು ಬಿಟ್ಟರು.

ವಿಚಾರಣೆಯ ದಿನ ತೆಯೋಫಿಲಾಳಿಗೆ ಹೇಳಿಕಳಿಸಿದ್ದರು. ಅವಳು ಬೆಳಗಿನ ಬಸ್ಸಿಗೆ ಬಂದಳು. ಕಚೇರಿಯ ಅಂಗಳದಲ್ಲಿ ಮಗಳನ್ನು ಕಂಡು ಅತ್ತಳಂತೆ, ತೋಳು ಸವರಿದಳಂತೆ. ಆಮೇಲೆ ಕಿವಿಯಲ್ಲಿ ಏನೋ ಹೇಳಿದಳು. ಏನು ಹೇಳಿದ್ದೆಂದು ನಿಲ್ಸಾ ನನಗೆ ನಂತರ ತಿಳಿಸಿದಳು. ಅವಳ ತಂಗಿ ದೆಯೋಲಿಂದಾ ಕೆಲವೇ ತಿಂಗಳ ಹಿಂದೆ ನ್ಯಾ ಕುಸ್ತೋದಿಯಾ ಅವರ ಸೋದರಿಯ ಮನೆ ಸೇರಿದ್ದಳು. ಇಲ್ಲಿ ಬಾಯಿ ಬಿಟ್ಟರೆ ಇಬ್ಬರೂ ಹಳ್ಳಿಗೆ ವಾಪಸು. ಹಳ್ಳಿಯಲ್ಲಿ ಆಗ ತಾಯಿಯ ಜೊತೆ ಬೇರೊಬ್ಬ ಗಂಡಸು ಬಂದು ಇದ್ದ. ಅವನಿರುವ ಮನೆಗೆ ನಿಮ್ಮನ್ನು ಹೇಗೆ ಕರೆದೊಯ್ಯಲಿ ಎಂದು ತಾಯಿ ಕೇಳಿದ್ದಳು. ಅಷ್ಟೇ ಕೇಳಿದ್ದು. ಹದಿಮೂರರ ಹುಡುಗಿಗೆ ಅಷ್ಟು ಸಾಕಾಗಿತ್ತು.

ಒಳಗೆ ನಡೆದದ್ದನ್ನು ಮಿರ್ನಾ ಟೀಚರ್ ಆ ಸಂಜೆ ನನ್ನ ಕಿಟಕಿಯ ಹತ್ತಿರ ನಿಂತು ಹೇಳಿದರು. ನ್ಯಾ ಕುಸ್ತೋದಿಯಾ ಜಪಮಾಲೆ ಹಿಡಿದು ನೆಟ್ಟಗೆ ಕೂತಿದ್ದರು. ಬುದ್ಧಿ ಹೇಳಲು ಒಂದೆರಡು ಏಟು ಹಾಕಿದ್ದುಂಟು, ಸೀಬೆ ಪಾಕ ಸಿಡಿದದ್ದುಂಟು, ಉಳಿದದ್ದೆಲ್ಲ ಅವಳೇ ಮಾಡಿಕೊಂಡದ್ದು, ಊರೇ ಬಲ್ಲದು ಎಂದರು. ಪರೀಕ್ಷಿಸಿದ ಡಾಕ್ಟರೂ ಬಹಳಷ್ಟು ಗಾಯ ಅವಳ ಕೈಯದೇ ಎಂದರು. ಅದು ಸುಳ್ಳೂ ಅಲ್ಲ. ಕಚೇರಿಯ ಅಧಿಕಾರಿಣಿ ಕೆಟ್ಟವಳಾಗಿರಲಿಲ್ಲ, ಅವಸರದಲ್ಲಿದ್ದಳು. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು:

"ಇದ್ರಲ್ಲಿ ಯಾವುದು ಅವರು ಮಾಡಿದ್ದು, ಯಾವುದು ನೀನು ಮಾಡ್ಕೊಂಡಿದ್ದು, ತೋರಿಸಮ್ಮ. ಹೆದರ್ಬೇಡ."

ನಿಲ್ಸಾ ತನ್ನ ತೋಳನ್ನೇ ನೋಡುತ್ತಾ ಕೂತಳು. ಬಾಗಿಲ ಹೊರಗೆ ತಾಯಿಯ ಚಪ್ಪಲಿ ಕಾಣುತ್ತಿತ್ತು.

"ಎಲ್ಲಾ ನಂದೇ," ಅಂದಳು.

ಬೆನ್ನಿನದು? ಬೆನ್ನಿಗೆ ನಿನ್ನ ಕೈ ಹೇಗೆ ಹೋಯಿತು ಎಂದು ಮಿರ್ನಾ ಟೀಚರ್ ಎದ್ದುನಿಂತು ಕೇಳಿದರಂತೆ. ಅವರಿಗೆ ಮಾತಾಡುವ ಹಕ್ಕಿಲ್ಲವೆಂದು ಕೂರಿಸಿದರು. ಅಧಿಕಾರಿಣಿ ಇನ್ನೊಮ್ಮೆ ಕೇಳಿದಳು. ಹುಡುಗಿ ಅದನ್ನೇ ಹೇಳಿದಳು. ಪ್ರಕರಣ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಮಿರ್ನಾ ಟೀಚರಿಗೆ ದೂರದ ಗಡಿಹಳ್ಳಿಗೆ ವರ್ಗವಾಯಿತು.

ಔಷಧದಂಗಡಿಯವರು ಮಗಳನ್ನು ರಾಜಧಾನಿ ಅಸುನ್ಸಿಯೋನ್‌ಗೆ, ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಮನಸ್ಸಿನ ಡಾಕ್ಟರು, ಒಳ್ಳೆಯ ಶಾಲೆ, ಬೆಲ್ಟಿಲ್ಲದ ಮನೆ. ಲಿಸ್ ಮಾಬೆಲ್‌ಗೆ ಗುಣವಾಯಿತು. ಅವಳಿಗೆ ಇದ್ದ ರೋಗವೇ ನಿಲ್ಸಾಳಿಗೂ ಇದ್ದದ್ದು. ಅವಳಿಗೆ ಅದು ಕಾಯಿಲೆಯಾಯಿತು, ಇವಳಿಗೆ ಕೆಟ್ಟ ಗುಣವಾಯಿತು.

ನ್ಯಾ ಕುಸ್ತೋದಿಯಾ ನಿಲ್ಸಾಳನ್ನು ಹೊರಹಾಕಲಿಲ್ಲ. ಬುದ್ಧಿ ಕೆಟ್ಟ ಹುಡುಗಿಯನ್ನು ಬೀದಿಗೆ ತಳ್ಳುವುದಕ್ಕಾಗುತ್ತದೆಯೇ ಎಂದು ಮನೆಗೆ ಕರೆತಂದರು. ಬೀದಿ ಅವರನ್ನು ಕೊಂಡಾಡಿತು. ಶಾಲೆ ಬಿಡಿಸಿದರು. ಚಾಟಿ ಮುಟ್ಟುವುದನ್ನೂ ಬಹುಮಟ್ಟಿಗೆ ಬಿಟ್ಟರು. ಅದರ ಬದಲು, ವಾರದ ಜಪಕ್ಕೆ ಬೀದಿಯ ಹೆಂಗಸರು ಸೇರಿದಾಗ ನಿಲ್ಸಾಳನ್ನು ನಡುವೆ ನಿಲ್ಲಿಸುತ್ತಿದ್ದರು.

"ತೋಳು ಮೇಲಕ್ಕೆ ಮಾಡು. ತಾಯಂದಿರು ನೋಡ್ಲಿ. ನಿನಗೋಸ್ಕರ ಪ್ರಾರ್ಥನೆ ಮಾಡ್ತಾರೆ," ಅನ್ನುತ್ತಿದ್ದರು, ದನಿ ಎತ್ತರಿಸದೆ.

ಹುಡುಗಿ ತೋಳು ಏರಿಸಿ ನಿಲ್ಲುತ್ತಿದ್ದಳು. ಹೆಂಗಸರು ಶಿಲುಬೆ ಗುರುತು ಹಾಕಿಕೊಂಡು, ಹೊಸದು ಯಾವುದೆಂದು ಬಗ್ಗಿ ನೋಡಿ, ಜಪ ಶುರುಮಾಡುತ್ತಿದ್ದರು. ಜಪ ಮುಗಿದಮೇಲೆ ಅವಳೇ ಎಲ್ಲರಿಗೂ ಬಿಸ್ಕತ್ತು ಹಂಚಬೇಕು. ಒಮ್ಮೆ ಅದನ್ನು ನೋಡಿದವಳು ನಾನು ಮತ್ತೆ ಆ ಮನೆಯ ಜಪಕ್ಕೆ ಹೋಗಲಿಲ್ಲ. ಚಾಟಿಗಿಂತ ಅದು ಹೆಚ್ಚು ನೋವಾಗುತ್ತಿತ್ತೇ ಎಂದು ಕೇಳಿದರೆ ನಿಲ್ಸಾ ತಲೆಯಾಡಿಸುತ್ತಾಳೆ, ಹೌದೋ ಅಲ್ಲವೋ ತಿಳಿಯದ ಹಾಗೆ.

ಹದಿನಾರರಲ್ಲಿ ಒಂದು ಮಧ್ಯಾಹ್ನ ಗಾಯ ಕೈಮೀರಿತು. ಸಾಯಬೇಕೆಂದಿದ್ದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಸೀಬೆಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಬಿದ್ದಿದ್ದವಳನ್ನು ನನ್ನ ಗಂಡ ಎತ್ತಿಕೊಂಡು ಓಡಿದರು, ನಾನು ಟವೆಲು ಒತ್ತಿ ಹಿಡಿದು ಜೊತೆಗೆ ಓಡಿದೆ. ಆಸ್ಪತ್ರೆಯಲ್ಲಿದ್ದವನು ಎಳೆಯ ವಯಸ್ಸಿನ ಡಾಕ್ಟರ್. ಹಳೆಯ ಗುರುತುಗಳನ್ನು ಕಂಡದ್ದೇ ಅವನ ಮುಖ ಬದಲಾಯಿತು. ಮರಗಟ್ಟಿಸುವ ಮದ್ದು ಹಾಕದೆ ಹೊಲಿಯಲು ಕೂತ. ನಾನು ಕೇಳಿದ್ದಕ್ಕೆ, ಮದ್ದು ನಿಜವಾದ ರೋಗಿಗಳಿಗೆ ಬೇಕು ಅಂದ. ಅವಳತ್ತ ತಿರುಗಿ, "ನೀನೇ ಮಾಡ್ಕೊಂಡಿದ್ದಲ್ವಾ? ಸಹಿಸ್ಕೋ," ಅಂದ.

ಅವಳು ಸಹಿಸಿಕೊಂಡಳು. ಅದು ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಹದಿನೆಂಟು ತುಂಬಿದ ಮೇಲೆ ರಾಜಧಾನಿಗೆ ಮನೆಗೆಲಸಕ್ಕೆ ಹೋದಳು. ಒಂದು ಮನೆಯಿಂದ ಇನ್ನೊಂದಕ್ಕೆ. ಎಲ್ಲೇ ಆದರೂ ಒಂದು ದಿನ ಯಾರೋ ತೋಳು ನೋಡುತ್ತಿದ್ದರು, ಮಕ್ಕಳಿರುವ ಮನೆ ಕಣಮ್ಮ ಅನ್ನುತ್ತಿದ್ದರು, ಮೂಟೆ ಕಟ್ಟಬೇಕಾಗುತ್ತಿತ್ತು. ಒಬ್ಬ ಬಸ್ ಚಾಲಕನ ಜೊತೆ ಸ್ವಲ್ಪ ಕಾಲ ಇದ್ದಳು. ಅವನು ಒಳ್ಳೆಯವನೇ ಎಂದಳು. ಆದರೆ ಅವನು ಜೋರಾಗಿ ಬಾಗಿಲು ಹಾಕಿದರೂ ಇವಳು ಮಂಚದ ಕೆಳಗೆ ಕೂರುತ್ತಿದ್ದಳು. ಅವನಿಗೆ ಬೇಸರ ಬಂತು, ಹೋದ.

ಆ ನಡುವೆ ಒಮ್ಮೆ ಲಿಸ್ ಮಾಬೆಲ್ ಊರಿಗೆ ಬಂದಿದ್ದಳು, ತಂದೆಯ ಮಣ್ಣಿಗೆ. ಕಾರು ನಿಲ್ಲಿಸಿ ನನ್ನ ಕಿಟಕಿಗೆ ಬಂದಳು. ಅವಳೂ ಔಷಧಶಾಸ್ತ್ರವನ್ನೇ ಓದಿದ್ದಳು. ಗಿಡ್ಡ ತೋಳಿನ ಅಂಗಿ ತೊಟ್ಟಿದ್ದಳು. ಹಳೆಯ ಗೆರೆಗಳು ಬಿಳಿಚಿಕೊಂಡು ಹೆಚ್ಚುಕಡಿಮೆ ಅಳಿಸಿಹೋಗಿದ್ದವು. ನಿಲ್ಸಾ ಎಲ್ಲಿದ್ದಾಳೆ ಎಂದು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಅವಳು ಕೊಂಡ ನೀರಿನ ಬಾಟಲಿ ತೆರೆಯದೆ ಹೋಗಿ ಕಾರಿನಲ್ಲಿ ಕೂತಳು. ಬಹಳ ಹೊತ್ತು ಕಾರು ಹೊರಡಲಿಲ್ಲ. ಆಮೇಲೆ ಹೊರಟಿತು.

ನ್ಯಾ ಕುಸ್ತೋದಿಯಾ ಅವರಿಗೆ ಪಾರ್ಶ್ವವಾಯು ಬಡಿದಾಗ ನೋಡಿಕೊಳ್ಳಲು ಯಾರೂ ಸಿಗಲಿಲ್ಲ. ಸೋದರಳಿಯನೊಬ್ಬ ಇದ್ದ, ಮನೆಯ ಮೇಲೆ ಮಾತ್ರ ಅವನ ಕಣ್ಣು. ಇಗರ್ಜಿಯ ಪಾದ್ರಿಗಳು ಹೇಗೋ ವಿಚಾರಿಸಿ ನಿಲ್ಸಾಳಿಗೆ ಸುದ್ದಿ ಮುಟ್ಟಿಸಿದರು. ಅವಳು ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಂದಳು. ಒಂದು ಚೀಲ, ಉದ್ದ ತೋಳಿನ ಅಂಗಿ.

"ಯಾಕೆ ಬಂದೆ ಮಗಳೇ?" ಅಂದೆ.

"ಬೇರೆ ಎಲ್ಲೂ ನನಗೆ ಯಾವ ಸಾಮಾನು ಎಲ್ಲಿದೆ ಅಂತ ಗೊತ್ತಿಲ್ಲ, ನ್ಯಾ ಸೆಲ್ವಾ. ಈ ಮನೇಲಿ ಎಲ್ಲಾ ಗೊತ್ತು."

ವರ್ಷಗಟ್ಟಲೆ ಆ ಹೆಂಗಸನ್ನು ತೊಳೆದಳು, ಮಗ್ಗುಲು ಬದಲಿಸಿದಳು, ಸೂಪು ಆರಿಸಿ ಚಮಚದಲ್ಲಿ ಕುಡಿಸಿದಳು. ಎಂಥ ಕೃತಜ್ಞತೆ ಎಂದು ಬೀದಿ ಹಾಡಿ ಹೊಗಳಿತು. ಆಗ ಕೊಟ್ಟ ಏಟಿನ ಫಲ ಈಗ ನೋಡಿ ಎಂದವರೂ ಇದ್ದರು. ನಾನು ಸ್ನಾನಕ್ಕೆ ಸಹಾಯ ಮಾಡಲು ಹೋದಾಗಲೆಲ್ಲ ನ್ಯಾ ಕುಸ್ತೋದಿಯಾ ಅವರ ಮೈಯನ್ನು ನೋಡುತ್ತಿದ್ದೆ. ಒಂದು ಕೆಂಪು ಗುರುತೂ ಇರಲಿಲ್ಲ, ಮಲಗಿದವರಿಗೆ ಆಗುವ ಹುಣ್ಣೂ ಇರಲಿಲ್ಲ. ಮಾತು ನಿಂತುಹೋಗಿದ್ದ ಅವರು ಒಂದು ಕಣ್ಣಿನಿಂದ ನಿಲ್ಸಾಳನ್ನೇ ಹಿಂಬಾಲಿಸುತ್ತಿದ್ದರು. ಅದರಲ್ಲಿ ಹೆದರಿಕೆ ಇತ್ತೋ, ಇನ್ನೇನಿತ್ತೋ, ನನಗೆ ಓದಲಾಗಲಿಲ್ಲ.

ನಿನಗೆ ಯಾವತ್ತೂ ಕೈ ಎತ್ತಬೇಕು ಅನ್ನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಅನ್ನಿಸುತ್ತೆ," ಅಂದಳು, ಮರಗೆಣಸು ಸುಲಿಯುತ್ತಾ. "ಅನ್ನಿಸಿದ ದಿನ ಹಿತ್ತಲಿಗೆ ಹೋಗ್ತೀನಿ."

ಹಿತ್ತಲಲ್ಲಿ ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ಅಂಗಿಯ ತೋಳು ಮಣಿಕಟ್ಟಿನ ಹತ್ತಿರ ಹಸಿಯಾಗಿತ್ತು.

ಕಳೆದ ಚಳಿಗಾಲ ನ್ಯಾ ಕುಸ್ತೋದಿಯಾ ತೀರಿಕೊಂಡರು. ಸೋದರಳಿಯ ಬಂದು ಬೀಗ ಬದಲಿಸಿದ. ನಿಲ್ಸಾ ಈಗ ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಮೂವತ್ತು ದಾಟಿದೆ. ತೆರೆರೆಗೆ ಹಾಕುವ ಬೇರು ಸೊಪ್ಪುಗಳನ್ನು ಕುಟ್ಟಿ ಬಸ್ ನಿಲ್ದಾಣದಲ್ಲಿ ಮಾರುತ್ತಾಳೆ. ದೆಯೋಲಿಂದಾಳ ಸುದ್ದಿ ಅವಳು ಎತ್ತುವುದಿಲ್ಲ; ತಂಗಿ ಆ ಇನ್ನೊಂದು ಮನೆಯಿಂದ ಹದಿನೈದರಲ್ಲೇ ಓಡಿಹೋಗಿದ್ದಳು, ಎಲ್ಲಿಗೆಂದು ಯಾರಿಗೂ ತಿಳಿಯದು. ತಂಗಿಗಾಗಿ ಅಂದು ಬಾಯಿ ಮುಚ್ಚಿಕೊಂಡದ್ದೂ ಯಾರನ್ನೂ ಉಳಿಸಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಈಗ ಮನಸ್ಸಿನ ಡಾಕ್ಟರೊಬ್ಬರು ಆಗಾಗ ಬರುತ್ತಾರೆಂದು ಕೇಳಿ, ಹಟ ಹಿಡಿದು ಅವಳನ್ನು ಕರೆದುಕೊಂಡು ಹೋದೆ. ಗೋಡೆಗೆ ಒರಗಿ ಸಾಲಿನಲ್ಲಿ ಕೂತೆವು. ನಮ್ಮ ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಒಬ್ಬ ಹುಡುಗಿ, ಸೆಕೆಯಲ್ಲೂ ಸ್ವೆಟರು ಹಾಕಿಕೊಂಡು, ಅಜ್ಜಿಯ ಜೊತೆ ಕೂತಿದ್ದಳು. ನಿಲ್ಸಾ ಆ ಸ್ವೆಟರನ್ನೇ ನೋಡುತ್ತಿದ್ದಳು. ನರ್ಸು ನಿಲ್ಸಾಳ ಹೆಸರು ಕೂಗಿದಾಗ ಅವಳು ಏಳಲಿಲ್ಲ. ಮತ್ತೆ ಕೂಗಿದರು. ಮೊದಲು ಆ ಮಗುವನ್ನು ಕರೀರಿ ಅಂದಳು. ಹುಡುಗಿ ಒಳಗೆ ಹೋಗಿ ತುಂಬ ಹೊತ್ತು ಇದ್ದಳು. ಅವಳು ಹೊರಬರುವಷ್ಟರಲ್ಲಿ ಡಾಕ್ಟರ ಬಸ್ಸಿನ ಹೊತ್ತಾಗಿತ್ತು.

ಮುಂದಿನ ಸಲವೂ ಹೋದೆವು. ಆ ಸಲ ಡಾಕ್ಟರು ಬಂದಿರಲಿಲ್ಲ.